ಲೈನ್ ಹೋದಾಗ ಚಾವಣಿಯ ಸೋಲಾರ್ ಏಕೆ ನಿಲ್ಲುತ್ತದೆ

ಜುಲೈ ತಿಂಗಳಲ್ಲಿ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಮರ ಬಿದ್ದು ಲೈನ್ ಹೋಗಿದೆ, ಸೋಲಾರ್ ಇದ್ದೂ ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ, ಪ್ಯಾನೆಲ್ ಕೆಟ್ಟಿರಬೇಕು. ಸಾಮಾನ್ಯವಾಗಿ ಪ್ಯಾನೆಲ್ ಕೆಟ್ಟಿರುವುದಿಲ್ಲ. ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಪಡೆದು ಹೆಚ್ಚಿನವರು ಹಾಕಿಸುವುದು ಬ್ಯಾಟರಿಯಿಲ್ಲದ, ಲೈನಿಗೆ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆಯನ್ನು. ಪ್ಯಾನೆಲ್‌ನ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಅದರ ಇನ್ವರ್ಟರ್ ಲೈನಿನ ವಿದ್ಯುತ್ತಿಗೆ ಹೊಂದಿಕೊಂಡು ಮಾತ್ರ ಕೆಲಸ ಮಾಡುತ್ತದೆ. ಲೈನ್ ಹೋದ ಕೆಲವೇ ಕ್ಷಣಗಳಲ್ಲಿ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಏಕೆಂದರೆ ಕರೆಂಟ್ ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹರಿದ ವಿದ್ಯುತ್ ತಗುಲಿದರೆ ಪ್ರಾಣವೇ ಹೋದೀತು. ನೆತ್ತಿಯ ಮೇಲೆ ಬಿರುಬಿಸಿಲಿದ್ದರೂ ಈ ನಿಯಮ ಬದಲಾಗದು.

ಕೊಡಗಿನ ನಾಪೋಕ್ಲು ಕಡೆಯ ಹಿರಿಯ ಬೆಳೆಗಾರರೊಬ್ಬರು ಸೋಲಾರ್ ಬಂದಿತೆಂಬ ಸಂತೋಷದಲ್ಲಿ ಜನರೇಟರನ್ನೇ ಮಾರಿಬಿಟ್ಟಿದ್ದರು. ಮಳೆ ಹಿಡಿದ ಮೇಲೆ, "ಬಿಲ್ ಕಡಿಮೆಯಾಯಿತು ಸರಿ, ಕತ್ತಲೆ ಹೋಗಲಿಲ್ಲವಲ್ಲ ಮಾರಾಯ್ರೆ" ಎಂದರು. ಬಿಲ್ ಇಳಿಸುವುದು ಒಂದು ಕೆಲಸ, ಕರೆಂಟ್ ಹೋದಾಗ ದೀಪ ಉರಿಸುವುದು ಬೇರೆಯೇ ಕೆಲಸ ಎಂಬುದನ್ನು ಹಾಕಿಸುವ ಮೊದಲೇ ಅವರಿಗೆ ಯಾರಾದರೂ ಹೇಳಬೇಕಿತ್ತು. ಅವರು ಮತ್ತೆ ಜನರೇಟರ್ ಕೊಂಡರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆನ್‌ಗ್ರಿಡ್ ಸೋಲಾರನ್ನು ತಕ್ಕ ನಿಯಂತ್ರಣವಿಲ್ಲದೆ ಜನರೇಟರಿನ ಲೈನಿಗೆ ಸೇರಿಸುವುದಂತೂ ಅಪಾಯಕಾರಿ, ದಯವಿಟ್ಟು ಆ ಪ್ರಯೋಗ ಬೇಡ.

ಎರಡೂ ಕೆಲಸ ಆಗಬೇಕಾದರೆ ಲೈನ್ ಇಲ್ಲದಾಗಲೂ ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯಿಂದ ದೀಪ, ಫ್ಯಾನ್, ಫ್ರಿಜ್‌ಗಳನ್ನು ಒಂದು ರಾತ್ರಿ ಸಾಮಾನ್ಯವಾಗಿ ನಡೆಸಬಹುದು. 2 ಕಿಲೋವ್ಯಾಟ್‌ನ ಗೀಸರ್ ಒಂದೇ ಗಂಟೆಯಲ್ಲಿ ಅದರಲ್ಲಿ 2 ಯೂನಿಟ್ ನುಂಗುತ್ತದೆ. ದಿನಗಟ್ಟಲೆ ಮೋಡ ಕವಿದಾಗ ಪ್ಯಾನೆಲ್‌ಗಳ ಉತ್ಪಾದನೆ ಬಹಳ ಇಳಿಯುವುದರಿಂದ, ಲೈನ್ ಬಂದಾಗ ಅದರಿಂದಲೂ ಬ್ಯಾಟರಿ ತುಂಬುವಂತಿರಬೇಕು. ಪ್ಯಾನೆಲ್‌ಗೆ ಬಿಸಿಲು ಬೀಳಲೆಂದು ತೋಟದ ನೆರಳಿನ ಸಿಲ್ವರ್ ಓಕ್ ಮರ ಕಡಿಯಲು ಹೊರಡುವವರಿಗೆ ನಾನು ತೋರಿಸುವುದು ಕಾಫಿ ಒಣಗಿಸುವ ಕಣದ ಪಕ್ಕದ ಗೋದಾಮಿನ ಚಾವಣಿಯನ್ನು. ಬಿಸಿಲು ಬೀಳುವ ಜಾಗವನ್ನು ಹಿರಿಯರು ಆಗಲೇ ಆರಿಸಿಟ್ಟಿದ್ದಾರೆ.

ತೋಟದಲ್ಲಿ ತೋಡು, ಅಂದರೆ ಸಣ್ಣ ಹಳ್ಳ, ಇದ್ದವರು ಕಿರು ಜಲವಿದ್ಯುತ್ತನ್ನೂ ಪರಿಶೀಲಿಸಬೇಕು. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ ಸುಮಾರು 1 ಕಿಲೋವ್ಯಾಟ್ ಸಿಗಬಹುದು, ಅದೂ ಸೋಲಾರ್ ಸೋಲುವ ಮಳೆಗಾಲದಲ್ಲಿ. ಆದರೆ ಹರಿವನ್ನು ಜುಲೈನಲ್ಲಷ್ಟೇ ಅಲ್ಲ, ಮಾರ್ಚ್‌ನಲ್ಲಿಯೂ ಅಳೆಯಿರಿ, ಕೆಳಗಿನ ಗದ್ದೆಯವರೊಂದಿಗೆ ಮಾತಾಡಿದ ಮೇಲೆಯೇ ಪೈಪ್ ತರಿಸಿ.