ಪಿಕಪ್ ಹಿಂದೆ ಕ್ಯಾರವಾನ್ ಕಟ್ಟೋ ಮುಂಚೆ ಭಾರದ ಲೆಕ್ಕ ಹಾಕಿ

ನಮ್ಮ ಗ್ಯಾರೇಜಿಗೆ ಪಿಕಪ್ ತಗೊಂಡು ಬಂದು, ಕ್ಯಾರವಾನ್ (ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಮನೆಯಂಥ ಟ್ರೇಲರ್) ಎಳೆಯೋಕೆ ಹುಕ್ ಹಾಕ್ಸಬೇಕು ಅನ್ನೋರು ಕೇಳೋ ಮೊದಲನೇ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತೆ, "ಸಾರ್, ಇದು ಎಷ್ಟು ಟನ್ ಎಳೆಯುತ್ತೆ?" ಅಂತ. ಎಳೆಯೋ ವಿಷಯದಲ್ಲಿ ಈಗಿನ ಪಿಕಪ್‌ಗಳಿಗೆ ಏನೂ ಕಮ್ಮಿ ಇಲ್ಲ. ಇಸುಜು ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಇಂಜಿನ್ 360 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತೆ, ಟೊಯೋಟಾ ಹೈಲಕ್ಸ್ ಆಟೋಮ್ಯಾಟಿಕ್ 500 ಕೊಡುತ್ತೆ, ಒಂದೂಕಾಲು ಟನ್ನಿನ ಕ್ಯಾರವಾನ್ ಎಳೆಯೋಕೆ ಇವೆರಡಕ್ಕೂ ಉಸಿರು ಕಟ್ಟಲ್ಲ. ಯೂರೋಪಲ್ಲಿ ಈ ಗಾಡಿಗಳಿಗೆ 3,500 ಕೆಜಿ ವರೆಗೂ ಎಳೀಬಹುದು ಅಂತ ಕಂಪನಿಯವರೇ ಬರೆದುಕೊಡ್ತಾರೆ, ಜನ ಆ ಒಂದು ನಂಬರ್ ನೋಡ್ಕೊಂಡು ಬಂದುಬಿಡ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ನಂಬರ್ ಇರುತ್ತೆ, ಟ್ರೇಲರಿಗೆ ಅದರದ್ದೇ ಬ್ರೇಕ್ ಇಲ್ಲಾಂದ್ರೆ 750 ಕೆಜಿ ಮಾತ್ರ ಅಂತ. ಗಾಡಿ ಅದೇ, ಇಂಜಿನ್ ಅದೇ, ಬ್ರೇಕ್ ಇಲ್ಲ ಅಂದಿದ್ದಕ್ಕೆ ಮೂರೂವರೆ ಟನ್ ಮುಕ್ಕಾಲು ಟನ್ನಿಗೆ ಇಳೀತು. ಅಲ್ಲದೆ ಅದು ಅಲ್ಲಿ ಮಾರೋ ಗಾಡಿಯ ಲೆಕ್ಕ, ನಿಮ್ಮ ಗಾಡಿಗೆ ಇಲ್ಲಿನ ಕೈಪಿಡೀಲಿ ಏನಿದೆಯೋ ಅದೇ ಕೊನೆ ಮಾತು.

ಅದಕ್ಕೇ ನಾನು ಬಂದವರ ಹತ್ರ ಮೊದಲು ಕೇಳೋದು ಆರ್‌ಸಿ. ಅದರಲ್ಲಿ ಅನ್‌ಲೇಡನ್ ವೈಟ್ (ಖಾಲಿ ಗಾಡಿಯ ತೂಕ) ಅಂತ ಒಂದಿರುತ್ತೆ, ಗ್ರಾಸ್ ವೈಟ್ (ಎಲ್ಲಾ ತುಂಬಿದ ಮೇಲೆ ಗಾಡಿ ಇರಬಹುದಾದ ಗರಿಷ್ಠ ತೂಕ) ಅಂತ ಇನ್ನೊಂದಿರುತ್ತೆ, ಎರಡರ ವ್ಯತ್ಯಾಸಾನೇ ನಿಮ್ಮ ಗಾಡಿ ಹೊರಬಹುದಾದ ಭಾರ. ಲೆಕ್ಕಕ್ಕೆ 1,950 ಮತ್ತು 2,500 ಅಂತ ಇಟ್ಕೊಳ್ಳಿ, 550 ಕೆಜಿ ಉಳೀತು. ತುಂಬಾ ಇದೆ ಅನ್ಸುತ್ತೆ ಅಲ್ವಾ? ಗಂಡ ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಅಂದ್ರೆ 280 ಹೋಯ್ತು. ಹಿಂದಿನ ತೊಟ್ಟಿಗೆ ಫೈಬರ್ ಕ್ಯಾನೊಪಿ ಹಾಕ್ಸಿದ್ರೆ ಹತ್ರ ಹತ್ರ 90. ಹಿಚ್ಚು (ಟ್ರೇಲರ್ ಕಟ್ಟೋ ಆ ಹುಕ್ಕೇ), ಅದರ ಬ್ರಾಕೆಟ್ಟು, ಟ್ರೇಲರಿನ ಮೂತಿ ಕೂರೋ ಕಬ್ಬಿಣದ ಗುಂಡು ಅಂದ್ರೆ ಬಾಲ್, ಎಲ್ಲಾ ಸೇರಿ ಒಂದು 30. ಟ್ರೇಲರಿನ ಮೂತಿ ಬಾಲ್ ಮೇಲೆ ಕೂರೋ ಭಾರ ಒಂದು 130. ಉಳಿದಿದ್ದು ಬರೀ 20 ಕೆಜಿ, ಇನ್ನೂ ಜನರೇಟರ್ ಹಾಕಿಲ್ಲ, ನೀರಿನ ಕ್ಯಾನ್ ಹಾಕಿಲ್ಲ, ತುಂಬಿದ ಗ್ಯಾಸ್ ಸಿಲಿಂಡರ್ ಒಂದೇ ಸುಮಾರು 30 ಕೆಜಿ ಬರುತ್ತೆ. ಎಳೆಯೋ ಶಕ್ತಿ ಇನ್ನೂ ಅರ್ಧಕ್ಕರ್ಧ ಬಾಕಿ ಇರುವಾಗಲೇ ಹೊರೋ ಶಕ್ತಿ ಮುಗಿದುಹೋಗುತ್ತೆ, ಪಿಕಪ್ ಸೆಟಪ್‌ನಲ್ಲಿ ಹೆಚ್ಚಿನ ಜನ ಎಡವೋದು ಇಲ್ಲೇ.

ಈಗ ಆ 130 ಕೆಜಿ ವಿಷಯಕ್ಕೆ ಬರೋಣ. ನಮ್ಮ ಕಡೆ ಎತ್ತಿನ ಗಾಡಿ ಹೂಡಿದ ಯಾರನ್ನಾದ್ರೂ ಕೇಳಿ, ಗಾಡಿ ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕತ್ತು ಹಿಡಿಯುತ್ತೆ, ಮುಂಭಾರ ಜಾಸ್ತಿ ಆದ್ರೆ ಎತ್ತು ಬಗ್ಗಿ ಹೋಗುತ್ತೆ, ಅದಕ್ಕೇ ಹುಲ್ಲೋ ಗೊಬ್ಬರಾನೋ ತುಂಬುವಾಗ್ಲೇ ಹದ ನೋಡಿ ತುಂಬ್ತಾರೆ. ಕ್ಯಾರವಾನಿಗೂ ಲೆಕ್ಕ ಇದೇ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಭಾಗದ ಆಸುಪಾಸು ಬಾಲ್ ಮೇಲೆ ಕೂರಬೇಕು. ಅಮೆರಿಕದವರು 10ರಿಂದ 15 ಅಂತಾರೆ, ಯೂರೋಪಿನವರು ಇನ್ನೂ ಕಮ್ಮಿ ಇಡ್ತಾರೆ, ಆದ್ರೆ ಅವರು ಟ್ರೇಲರ್ ಕಟ್ಟೋ ರೀತಿ, ಸ್ಪೀಡ್ ಮಿತಿ ಎಲ್ಲಾ ಬೇರೆ. ನಮ್ಮ ರಸ್ತೆ, ನಮ್ಮ ಹಂಪುಗಳಿಗೆ ಹತ್ತಕ್ಕಿಂತ ಕೆಳಗೆ ಇಳಿಸೋದು ನನಗೆ ಸುತಾರಾಂ ಇಷ್ಟ ಇಲ್ಲ. ಆದ್ರೆ ಹಿಚ್ಚಿನ ಪ್ಲೇಟ್ ಮೇಲೆ ಬಾಲ್‌ಗೆ ಎಷ್ಟು ಭಾರ ಅಂತ ಮಿತಿ ಬರೆದಿರುತ್ತೆ, ಅದನ್ನ ಮೀರೋ ಹಾಗೂ ಇಲ್ಲ, ಎರಡೂ ಹೊಂದಲಿಲ್ಲ ಅಂದ್ರೆ ಆ ಟ್ರೇಲರ್ ಆ ಪಿಕಪ್‌ಗೆ ಅಲ್ಲ ಅಂತ ಅರ್ಥ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. 1,200 ಕೆಜಿ ಟ್ರೇಲರ್, ಬಾಲ್ ಮೇಲೆ 120 ಕೆಜಿ, ಸರಿಯಾಗಿ ಹತ್ತು ಪರ್ಸೆಂಟ್, ಬಹಳ ಚೆನ್ನಾಗಿ ಓಡುತ್ತೆ. ಯಾರೋ ಒಬ್ಬರು ಟ್ರೇಲರಿನ ಹಿಂಭಾಗದಲ್ಲಿ, ಆಕ್ಸಲ್‌ನಿಂದ 1.2 ಮೀಟರ್ ಹಿಂದಕ್ಕೆ, 100 ಲೀಟರ್ ನೀರಿನ ಟ್ಯಾಂಕ್ ಕೂರಿಸಿ ತುಂಬಿಸ್ತಾರೆ. ಆಕ್ಸಲ್‌ನಿಂದ ಬಾಲ್‌ಗೆ 3.6 ಮೀಟರ್ ಇದೆ ಅಂದ್ರೆ ಆ ನೀರು ಬಾಲ್ ಮೇಲಿಂದ 33 ಕೆಜಿ ಎತ್ತಿಬಿಡುತ್ತೆ, 120 ಇದ್ದಿದ್ದು 87 ಆಯ್ತು, ಒಟ್ಟು ತೂಕ 1,300 ಆಯ್ತು, ಹತ್ತು ಪರ್ಸೆಂಟ್ ಇದ್ದಿದ್ದು ಏಳಕ್ಕಿಂತ ಕೆಳಗೆ ಬಂತು. ಗಾಡಿ ನಿಂತಾಗ ನೋಡಿದ್ರೆ ಏನೂ ಗೊತ್ತಾಗಲ್ಲ, ಊರೊಳಗೆ ಓಡಿಸಿದ್ರೂ ಗೊತ್ತಾಗಲ್ಲ. ಬೆಂಗಳೂರು ಹೈವೇಲಿ 90ರಲ್ಲಿ ಹೋಗ್ತಿರುವಾಗ ಪಕ್ಕದಲ್ಲಿ ಒಂದು ಐರಾವತ ಬಸ್ಸು ದಾಟ್ತು ಅಂದ್ರೆ ಅದರ ಗಾಳಿ ಒಂದ್ಸಲ ತಳ್ಳುತ್ತೆ ಒಂದ್ಸಲ ಎಳೆಯುತ್ತೆ, ಆಗ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಎರಡನೇ ಸಲ ಮೊದಲನೇದಕ್ಕಿಂತ ಜೋರು, ಮೂರನೇದು ಇನ್ನೂ ಜೋರು, ಪಿಕಪ್‌ನ ಹಿಂಬದೀನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ನೀರಿನ ಟ್ಯಾಂಕ್ ಆಕ್ಸಲ್ ಮೇಲೇ ಇರ್ಲಿ ಅಂತ ನಾನು ಬಾಯಿ ನೋಯೋ ತನಕ ಹೇಳೋದು ಇದಕ್ಕೇ.

ಮುಂಭಾರ ಜಾಸ್ತಿ ಆದ್ರೂ ಕಷ್ಟ. ಕಬ್ಬು ಅರೆಯೋ ಸೀಸನ್ನಲ್ಲಿ ಮಂಡ್ಯ, ಮದ್ದೂರು, ಪಾಂಡವಪುರದ ರೋಡಲ್ಲಿ ಟ್ರ್ಯಾಕ್ಟರ್ ದಿಬ್ಬ ಹತ್ತುವಾಗ ಮುಂದಿನ ಚಕ್ರ ಮೇಲಕ್ಕೆ ಏಳೋದನ್ನ ನೋಡಿರ್ತೀರಾ, ಪಿಕಪ್‌ನಲ್ಲೂ ಅದೇ ನಡೆಯೋದು, ಕಣ್ಣಿಗೆ ಕಾಣಲ್ಲ ಅಷ್ಟೆ. ಬಾಲ್ ಇರೋದು ಹಿಂದಿನ ಆಕ್ಸಲ್‌ಗಿಂತ ಸುಮಾರು 1.2 ಮೀಟರ್ ಹಿಂದೆ, ವೀಲ್‌ಬೇಸ್ 3.1 ಮೀಟರ್. 130 ಕೆಜಿ ಬಾಲ್ ಮೇಲೆ ಕೂತ್ರೆ ಮುಂದಿನ ಚಕ್ರಗಳ ಮೇಲಿಂದ 50 ಕೆಜಿ ಕಮ್ಮಿ ಆಗುತ್ತೆ, ಹಿಂದಿನ ಆಕ್ಸಲ್ ಮೇಲೆ 180 ಸೇರುತ್ತೆ. ಸ್ಟೇರಿಂಗ್ ಹಗುರ ಆಗುತ್ತೆ, ರಾತ್ರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಹಿಂದೆ ಕುಸೀತಲ್ಲ ಅಂತ ಕೆಲವರು ಇನ್ನೆರಡು ಸ್ಪ್ರಿಂಗ್ ಪಟ್ಟಿ ಸೇರಿಸ್ತಾರೆ ಇಲ್ಲಾ ಏರ್ ಬ್ಯಾಗ್ ಹಾಕ್ಸ್ತಾರೆ, ಅದ್ರಿಂದ ಗಾಡಿ ಮಟ್ಟಸವಾಗಿ ನಿಂತಂಗೆ ಕಾಣುತ್ತೆ ಹೊರತು ಮುಂದಿನ ಚಕ್ರದ ಮೇಲಿಂದ ಹೋದ ಭಾರ ವಾಪಸ್ ಬರಲ್ಲ, ಆರ್‌ಸೀಲಿರೋ ಗ್ರಾಸ್ ವೈಟೂ ಒಂದು ಕೆಜಿ ಏರಲ್ಲ. ಭಾರವನ್ನ ಮುಂದಕ್ಕೆ ಹಂಚೋದಕ್ಕೇ ಅಂತ ಸ್ಪ್ರಿಂಗ್ ಬಾರ್ ಇರೋ ಹಿಚ್ಚು ಬರುತ್ತೆ, ದೊಡ್ಡ ಟ್ರೇಲರಿಗೆ ಅದು ಬೇಕು, ಆದ್ರೆ ಪಿಕಪ್ ಕಂಪನಿ ಒಪ್ಪಿದ್ರೆ ಮಾತ್ರ. ಒಂದು ಒಂದೂಕಾಲು ಟನ್ನಿನ ಒಂಟಿ ಆಕ್ಸಲ್ ಕ್ಯಾರವಾನಿಗೆ ಸಾಮಾನು ಸರಿಯಾಗಿ ಜೋಡಿಸಿದ್ರೆ ಸಾಕು, ಅದಕ್ಕೆಲ್ಲ ದುಡ್ಡು ಹಾಕಬೇಡಿ.

ತೂಕ ಹಾಕ್ಸೋದು ಕಷ್ಟದ ಕೆಲಸ ಅಲ್ಲ. ನಮ್ಮ ಕಡೆ ಕಬ್ಬು ಬೆಲ್ಲ ಭತ್ತದ ದೆಸೆಯಿಂದ ವೇಬ್ರಿಡ್ಜಿಗೆ ಬರ ಇಲ್ಲ. ಪ್ರವಾಸಕ್ಕೆ ಹೊರಡೋ ಹಾಗೇ ಎಲ್ಲಾ ತುಂಬ್ಕೊಂಡು, ಮನೆಯವರನ್ನೂ ಕೂರಿಸ್ಕೊಂಡು ಹೋಗಿ. ಟ್ರೇಲರ್ ಕಟ್ಟಿದ ಹಾಗೇ ಪಿಕಪ್‌ನ ನಾಲ್ಕು ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ ಬರೋ ಹಾಗೆ ನಿಲ್ಲಿಸಿ ಒಂದು ಚೀಟಿ, ಅದು ಗ್ರಾಸ್ ವೈಟ್ ಒಳಗೇ ಇರಬೇಕು. ಆಮೇಲೆ ಎರಡನ್ನೂ ಪೂರ್ತಿ ಮೇಲೆ ತಂದು ಒಂದು ಚೀಟಿ, ಟ್ರೇಲರ್ ಬಿಚ್ಚಿ ಬರೀ ಪಿಕಪ್‌ಗೆ ಇನ್ನೊಂದು. ಮೊದಲನೇದ್ರಲ್ಲಿ ಕೊನೇದನ್ನ ಕಳೆದ್ರೆ ಬಾಲ್ ಮೇಲಿನ ಭಾರ, ಎರಡನೇದ್ರಲ್ಲಿ ಕೊನೇದನ್ನ ಕಳೆದ್ರೆ ಟ್ರೇಲರಿನ ಒಟ್ಟು ತೂಕ. ದೊಡ್ಡ ವೇಬ್ರಿಡ್ಜು ಸಾಮಾನ್ಯವಾಗಿ 10 ಕೆಜಿ ಲೆಕ್ಕದಲ್ಲೇ ತೋರ್ಸೋದು, ಹಾಗಾಗಿ ಬಾಲ್ ಭಾರ ಖಚಿತವಾಗಿ ಬೇಕು ಅಂದ್ರೆ ಟ್ರೇಲರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿ ಕೆಳಗೆ ಮನೇಲಿ ನಾವು ತೂಕ ನೋಡ್ಕೊಳ್ಳೋ ಮೆಷಿನ್ ಇಟ್ಟು, ಬಾಲ್ ಎತ್ತರಕ್ಕೇ ಸರಿಯಾಗಿ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಇಳಿಸಿ. 150 ಕೆಜಿ ತೂಗೋ ಮೆಷಿನ್ ಇದ್ರೆ ಸಾಕಾಗುತ್ತೆ.

ಇನ್ನು ಹಿಚ್ಚು ಕೂರ್ಸೋದು. ಇಲ್ಲಿ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಬಂಪರಿಗೆ ಒಂದು ಪ್ಲೇಟ್ ವೆಲ್ಡ್ ಮಾಡಿ ಅದಕ್ಕೊಂದು ಬಾಲ್ ಬಿಗಿದು ಕಳಿಸಿರೋ ಗಾಡಿಗಳು ಬರ್ತಾವೆ, ಆ ಬಾಲ್ ಕೈಯಲ್ಲಿ ಹಿಡಿದು ಜೋರಾಗಿ ಎಳೆದ್ರೆ ಬಂಪರೇ ಅಲ್ಲಾಡುತ್ತೆ. ಹಿಚ್ಚು ಕೂರಬೇಕಾಗಿದ್ದು ಚಾಸಿಯ ಎರಡೂ ಉದ್ದದ ಕಂಬಗಳಿಗೆ, ಕಂಪನಿ ಬಿಟ್ಟಿರೋ ತೂತುಗಳಲ್ಲೇ, 8.8 ಅಥವಾ 10.9 ಗ್ರೇಡಿನ ಬೋಲ್ಟಲ್ಲಿ, ಟಾರ್ಕ್ ವ್ರೆಂಚ್ ಹಿಡಿದು ಬಿಗೀಬೇಕು. ಬೋಲ್ಟಿನ ತಲೆ ಮೇಲೇ ಗ್ರೇಡ್ ನಂಬರ್ ಅಚ್ಚಾಗಿರುತ್ತೆ, ನಂಬರ್ ಇಲ್ಲದ ಬೋಲ್ಟ್ ಹಾಕೋಕೆ ಬಿಡಬೇಡಿ. ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ, ಕಾಸಿದ ಜಾಗದ ಪಕ್ಕದಲ್ಲೇ ಮುಂದೆ ಬಿರುಕು ಬಿಡೋದು.

ಬಾಲ್ ಅಳತೇನೂ ನೋಡ್ಕೊಳ್ಳಿ. ಯೂರೋಪಿನ ಲೆಕ್ಕದ ಬಾಲ್ 50 ಎಂಎಂ, ಅಮೆರಿಕದ ಎರಡಿಂಚಿನ ಬಾಲ್ 50.8 ಎಂಎಂ, ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ. ಎರಡಿಂಚಿನ ಕಪ್ಲರನ್ನ (ಬಾಲ್ ಮೇಲೆ ಕೂತು ಲಾಕ್ ಆಗೋ ಟ್ರೇಲರಿನ ಮೂತಿ ಭಾಗ) 50ರ ಬಾಲ್ ಮೇಲೆ ಕೂರ್ಸಿದ್ರೆ ಲಾಕ್ ಬಿದ್ದಂಗೆ ಅನ್ಸುತ್ತೆ, ಆದ್ರೆ ಒಳಗೆ ಲೂಸ್ ಇರುತ್ತೆ, ಒಂದೊಂದು ಹಂಪಿಗೂ ಬಡಿದು ಬಡಿದು ಸವೆಯುತ್ತೆ. ವರ್ನಿಯರ್ ಹಿಡಿದು ಅಳೀರಿ, 50ರ ಬಾಲ್ ಸವೆದು 49ಕ್ಕೆ ಬಂದಿದ್ರೆ ಹೊಸದು ಹಾಕಿ. ಲಾಕ್ ಬಿದ್ದಿದ್ಯಾ ಅಂತ ನೋಡೋಕೆ, ಕಪ್ಲರ್ ಕೂರ್ಸಿ ಲಾಕ್ ಹಾಕಿದ ಮೇಲೆ ಟ್ರೇಲರಿನ ಮೂತಿ ಜಾಕನ್ನ ಮತ್ತೆ ತಿರುಗಿಸಿ ಎತ್ತಿ, ಪಿಕಪ್‌ನ ಹಿಂಭಾಗಾನೂ ಜೊತೇಲಿ ಎದ್ರೆ ಸರಿಯಾಗಿ ಕೂತಿದೆ. ಸೇಫ್ಟಿ ಚೈನ್ ಎರಡನ್ನೂ ಮೂತಿ ಕೆಳಗೆ ಅಡ್ಡಡ್ಡ ಕತ್ತರಿ ಆಕಾರದಲ್ಲಿ ಹಾಕಿ, ಕಪ್ಲರ್ ಕಳಚ್ಕೊಂಡ್ರೂ ಮೂತಿ ನೆಲಕ್ಕೆ ಗುದ್ದದೆ ಚೈನ್ ಮೇಲೆ ಬೀಳುತ್ತೆ.

ಬ್ರೇಕ್ ಎರಡು ಥರ ಬರುತ್ತೆ. ಒಂದರಲ್ಲಿ ಪಿಕಪ್ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನುಗ್ಗೋ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತೆ, ಕ್ಯಾಬಿನ್ ಒಳಗೆ ಏನೂ ಬೇಡ, ಸುಲಭ, ಕೆಡೋದೂ ಕಮ್ಮಿ. ಇನ್ನೊಂದು ಕರೆಂಟಿನದ್ದು, ಸ್ಟೇರಿಂಗ್ ಹತ್ರ ಒಂದು ಕಂಟ್ರೋಲರ್ ಇರುತ್ತೆ, ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡೀಬೇಕು ಅಂತ ನಾವೇ ಸೆಟ್ ಮಾಡ್ಬಹುದು. ಖಾಲಿ ರೋಡಲ್ಲಿ 30-40ರಲ್ಲಿ ಹೋಗ್ತಾ ಕಂಟ್ರೋಲರಿನ ಲಿವರ್ ಮಾತ್ರ ಒತ್ತಿ, ಟ್ರೇಲರ್ ಚಕ್ರ ಇನ್ನೇನು ಜಾಮ್ ಆಗುತ್ತೆ ಅನ್ನೋದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಘಾಟಿ ರೋಡು ಹತ್ತಿಳಿಯೋರಿಗೆ ನಾನು ಎರಡನೇದನ್ನೇ ಹೇಳ್ತೀನಿ, ಕಾರಣ ಬಾಲ ಅಲ್ಲಾಡೋಕೆ ಶುರುವಾದಾಗ ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಪಿಕಪ್ ಬ್ರೇಕ್ ತುಳಿಯದೆ ಆ ಲಿವರ್ ಒಂದನ್ನೇ ಒತ್ತಿದ್ರೆ ಟ್ರೇಲರ್ ಹಿಂದಕ್ಕೆ ಜಗ್ಗಿ ಸಾಲಿಗೆ ಬರುತ್ತೆ. ಯಾವುದೇ ಇರ್ಲಿ, ಬ್ರೇಕ್‌ಅವೇ ಕೇಬಲ್ಲನ್ನ ಬಾಲ್‌ಗೆ ಸುತ್ತಬೇಡಿ, ಹಿಚ್ಚಿನ ಫ್ರೇಮಿಗೆ ಸಿಗಿಸಿ, ಟ್ರೇಲರ್ ಪೂರ್ತಿ ಬಿಟ್ಟುಹೋದ್ರೆ ತಾನಾಗೇ ಬ್ರೇಕ್ ಹಿಡಿಸೋದು ಆ ಕೇಬಲ್ಲೇ. ಪಿಕಪ್‌ನ ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ದಾಟಿದ್ರೆ ಅದನ್ನೂ ಇದೇ ಟೈಮಲ್ಲಿ ಮಾಡ್ಸಿ, ನೀರಿನಂಶ ಎಳೆದುಕೊಂಡ ಆಯಿಲ್ ಇಳಿಜಾರಲ್ಲಿ ಬಿಸಿ ಆಗಿ ಕುದ್ರೆ ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತೆ.

ವೈರಿಂಗ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಈಗಿನ ಗಾಡಿಯ ಹಿಂದಿನ ಲೈಟಿನ ವೈರ್ ಸುಲಿದು ನೇರ ಜೋಡಿಸಬೇಡಿ, ರಿಲೇ ಇರೋ ಮಾಡ್ಯೂಲ್ ಹಾಕಿ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬೇರೆ ಕರೆಂಟ್ ಕೊಡಿ, ಏಳು ಪಿನ್ ಸಾಕೆಟ್ಟಿಗೆ ಅರ್ತ್ ವೈರ್ ದಪ್ಪದ್ದೇ ಇರ್ಲಿ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟು ಮಿಣುಕೋದಕ್ಕೆ ಹತ್ತಕ್ಕೆ ಒಂಬತ್ತು ಸಲ ಅರ್ತೇ ಕಾರಣ. ಹಿಂದಿನದು ಕಾಣೋ ಹಾಗೆ ಉದ್ದನೆ ಕನ್ನಡಿ ಎರಡೂ ಕಡೆ ಬೇಕು.

ಟೈರಲ್ಲಿ ಸೈಜಿನ ಪಕ್ಕದ ನಂಬರ್ ನೋಡಿ, 265/60 ಆರ್18 110 ಅಂತಿದ್ರೆ ಆ 110 ಅಂದ್ರೆ ಒಂದು ಟೈರ್ 1,060 ಕೆಜಿ ಹೊರುತ್ತೆ ಅಂತ, ಚೆಂದ ಕಾಣುತ್ತೆ ಅಂತ ಬದಲಾಯಿಸುವಾಗ ಆ ನಂಬರ್ ಇಳಿಬಾರದು. ಹವಾ ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲ ಕಂಬದ ಸ್ಟಿಕ್ಕರಲ್ಲಿ ಫುಲ್ ಲೋಡಿಗೆ ಎಷ್ಟಿದೆಯೋ ಅಷ್ಟು. ಟ್ರೇಲರಿನ ಟೈರ್ ಮಾತ್ರ ಗುಂಡಿ (ಟ್ರೆಡ್) ನೋಡಿ ನಂಬಬೇಡಿ, ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಲ್ಲೇ ನಿಂತು ರಬ್ಬರ್ ಸತ್ತಿರುತ್ತೆ, ಗುಂಡಿ ಹೊಸದರ ಹಾಗೇ ಇರುತ್ತೆ. ಪಕ್ಕದ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತಲ್ಲ, 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು, ಐದಾರು ವರ್ಷ ಆಗಿದ್ರೆ ತೆಗೆದುಹಾಕಿ.

ಕಾಗದ ಪತ್ರದ ವಿಷಯ ಕೊನೆಗೆ ಬಂತು ಅಂತ ಹಗುರ ಮಾಡ್ಕೋಬೇಡಿ. ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರಿಗೆ ಅದರದ್ದೇ ರಿಜಿಸ್ಟ್ರೇಷನ್ ಬೇಕು, ಪಿಕಪ್‌ನ ನಂಬರ್ ಅದಕ್ಕೆ ಆಗಿಬರಲ್ಲ, ಮತ್ತೆ ಗಾಡಿ ಮಾರ್ಪಾಡಿನ ಬಗ್ಗೆ 52ನೇ ಸೆಕ್ಷನ್ ಇದೆ. ಹಿಚ್ಚು ಹಾಕ್ಸೋ ಮುಂಚೆ ನಿಮ್ಮ ಆರ್‌ಟಿಒ ಹತ್ರ, ಇನ್ಶೂರೆನ್ಸ್‌ನವರ ಹತ್ರ ಎರಡೂ ಕಡೆ ಬರವಣಿಗೇಲೇ ಕೇಳ್ಕೊಳ್ಳಿ.

ಮೊದಲನೇ ಸಲಕ್ಕೇ ಊಟಿಗೆ ಹೊರಡಬೇಡಿ. ಹೋದಾಗಲೂ 36 ತಿರುವಿನ ಕಲ್ಲಟ್ಟಿ ದಾರಿ ಟ್ರೇಲರಿಗಲ್ಲ, ಗೂಡಲೂರು ಮೇಲೇ ಹೋಗಿ, ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತೆ, ಟ್ರೇಲರ್ ಇದ್ದಾಗ ನೀವು ಅಂದ್ಕೊಂಡಿದ್ದಕ್ಕಿಂತ ಲೇಟಾಗೇ ತಲುಪ್ತೀರಾ. ಇಳಿಯುವಾಗ ಹತ್ತಿದ ಗೇರಲ್ಲೇ ಇಳೀರಿ. ಸಮತಟ್ಟು ರೋಡಲ್ಲೂ 80 ಸಾಕು, 80ರಿಂದ 100ಕ್ಕೆ ಹೋದ್ರೆ ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ.

ಮೈಸೂರಿನ ಹೊರವರ್ತುಲ ರಸ್ತೆ ಸುತ್ತ 40 ಕಿಲೋಮೀಟರ್ ಚಿಲ್ಲರೆ ಬರುತ್ತೆ, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹಾಕಿ. ಮುಗಿದ ತಕ್ಷಣ ಸೈಡಿಗೆ ನಿಲ್ಲಿಸಿ ಟ್ರೇಲರಿನ ಎರಡೂ ಹಬ್ ಹತ್ರ ಕೈ ತಗೊಂಡು ಹೋಗಿ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಬೇರಿಂಗ್ ಬಿಗಿಯಾಗಿದೆ ಇಲ್ಲಾ ಗ್ರೀಸ್ ಒಣಗಿದೆ ಇಲ್ಲಾ ಬ್ರೇಕ್ ಹಿಡ್ಕೊಂಡಿದೆ. ಒಂದು ಬಿಸಿ ಇನ್ನೊಂದು ತಣ್ಣಗೆ ಇದ್ರೂ ಬಿಚ್ಚಿ ನೋಡ್ಲೇಬೇಕು. ವೀಲ್ ನಟ್ಟುಗಳಿಗೆ ಮತ್ತೆ ಟಾರ್ಕ್ ವ್ರೆಂಚ್ ಹಾಕಿ, ಹಿಚ್ಚಿನ ಬೋಲ್ಟುಗಳಿಗೂ ಹಾಕಿ, ಸಾಕೆಟ್ ವೈರ್ ಎಲ್ಲಾದ್ರೂ ನೆಲಕ್ಕೆ ಉಜ್ಜಿದ್ಯಾ ಅಂತ ಬಗ್ಗಿ ನೋಡಿ. ಎಲ್ಲಾ ಸರಿ ಇದ್ರೆ ಮುಂದಿನ ವಾರ ಕುಶಾಲನಗರದ ತನಕ ಹೋಗಿ ಬನ್ನಿ, ಮಡಿಕೇರಿ ಏರು ಅದರಾಚೆ ಶುರುವಾಗೋದು, ಅದನ್ನ ಮೂರನೇ ಸಲಕ್ಕೆ ಇಟ್ಕೊಳ್ಳಿ.