ಹದಿನೈದು ಕಿಲೋಮೀಟರ್ ಎತ್ತರದಿಂದ ಕಲ್ಲಿನ ಗುರುತು

ಗಾಂಧಿಬಜಾರಿನಲ್ಲಿ ಕೊಂಡು ತರುವ ರಂಗೋಲಿ ಪುಡಿಯೆಲ್ಲ ಒಂದೇ ಕಲ್ಲಿನದಲ್ಲ. ಒಂದು ಬಳಪದ ಕಲ್ಲಿನದು, ಇನ್ನೊಂದು ಅಮೃತಶಿಲೆಯದು, ಮತ್ತೊಂದು ಬೆಣಚುಕಲ್ಲಿನದು. ಅಂಗೈಯಲ್ಲಿ ಹಿಡಿದರೆ ಮೂರೂ ಬಿಳುಪೇ, ಏಕೆಂದರೆ ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು ಮಾತ್ರ. 2000ದಿಂದ 2500ರ ನಡುವಿನ ಅವಗೆಂಪು ಬೆಳಕಿನಲ್ಲಿ ನೋಡಿದರೆ ಅವು ಬೇರೆಬೇರೆಯಾಗುತ್ತವೆ. ಬಳಪದ ಕಲ್ಲು 2310ರ ಹತ್ತಿರ ಬೆಳಕನ್ನು ಹೀರುತ್ತದೆ, ಅಮೃತಶಿಲೆಯ ಕ್ಯಾಲ್ಸೈಟ್ 2340ರಲ್ಲಿ. ಅದೇ ಬಿಳಿಯ ಕೆಯೋಲಿನ್ ಜೇಡಿಗೆ 2165 ಮತ್ತು 2205ರಲ್ಲಿ ಬೆಳಕು ಹೀರುವ ಜೋಡಿ ತಗ್ಗುಗಳಿವೆ. ಬೆಣಚುಕಲ್ಲು ಮಾತ್ರ ಈ ಬೆಳಕಿನಲ್ಲಿ ಮೂಕ.

ಕೋಲಾರದ, ಹಟ್ಟಿಯ ಚಿನ್ನ ಸಿಕ್ಕಿದ್ದು ಈ ಮೂಕ ಬೆಣಚಿನ ಎಳೆಗಳಲ್ಲೇ. ಹಾಗಾಗಿ ಈ ಬೆಳಕನ್ನು ಅಳೆಯಲು ವಿಮಾನದಲ್ಲಿ ಕೂರಿಸಿದ ಉಪಕರಣ ಚಿನ್ನವನ್ನು ನೇರವಾಗಿ ಹುಡುಕುವುದಿಲ್ಲ. ಅದಿರನ್ನು ಹೊತ್ತು ತಂದ ಬಿಸಿನೀರು ಸುತ್ತಲಿನ ಬಂಡೆಯನ್ನು ಎಲ್ಲೆಲ್ಲಿ ಮಾರ್ಪಡಿಸಿದೆ ಎಂದು ನೋಡುತ್ತದೆ. ಆ ನೀರು ಹಾದ ಕಡೆ ಬಂಡೆಯಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ ಜೇಡಿಯೋ ಬಿಳಿ ಅಭ್ರಕವೋ ಆಗಿರುತ್ತದೆ, ಅವುಗಳ ಗುರುತು 2200ರ ಆಸುಪಾಸು.

ಯುದ್ಧ ನಡೆಯುತ್ತಿದ್ದ ನೆಲದಲ್ಲಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು 2007ರಲ್ಲಿ, ಅಫ್ಘಾನಿಸ್ತಾನದಲ್ಲಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಕೆಲಸ, ನಾಸಾದ ಡಬ್ಲ್ಯುಬಿ-57 ವಿಮಾನ. ನಮ್ಮ ವಾಯುಪಡೆ ಅದೇ ವರ್ಷ ಮೇ ತಿಂಗಳಲ್ಲಿ ಬೀಳ್ಕೊಟ್ಟ ಕ್ಯಾನ್‌ಬೆರಾದ ದಾಯಾದಿ ಅದು. ಆಗಸ್ಟ್ 22ರಿಂದ ಅಕ್ಟೋಬರ್ 2ರವರೆಗೆ 28 ಹಾರಾಟಗಳಲ್ಲಿ ಸುಮಾರು 4.38 ಲಕ್ಷ ಚದರ ಕಿ.ಮೀ. ಮುಗಿಯಿತು, ಅಂದರೆ ಕರ್ನಾಟಕದ ಎರಡು ಪಟ್ಟಿಗಿಂತಲೂ ಹೆಚ್ಚು. ಮೋಡ, ಹಿಮ ಎರಡೂ ಕಡಿಮೆ ಇರುವ ಕಾಲ ಅದು. ದೂಳು ಮಾತ್ರ ಇದ್ದೇ ಇರುತ್ತದೆ.

ಹಾರಿದ್ದು 50,000 ಅಡಿ, ಅಂದರೆ ಸುಮಾರು 15.2 ಕಿ.ಮೀ. ಎತ್ತರದಲ್ಲಿ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳ ಅಳವು ನಾಲ್ಕೈದು ಕಿ.ಮೀ. ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವೈಮಾನಿಕ ವಿಭಾಗದವರು ಮಾಡುವಂಥ ಕಾಂತೀಯ ಸಮೀಕ್ಷೆಗೆ ವಿಮಾನ ನೆಲಕ್ಕೆ ನೂರು ಮೀಟರಿನೊಳಗೆ ಇಳಿಯಬೇಕು, ದೂರ ಹೆಚ್ಚಿದಷ್ಟೂ ಸಣ್ಣ ವಿವರಗಳು ಮಸುಕಾಗುತ್ತವೆ. ಗುಂಡು ಹಾರುವ ಊರಿನ ಮೇಲೆ ಹಾಗೆ ಹಾರಲಾಗದು. ಬೆಳಕನ್ನಾದರೆ ಮೇಲಿನಿಂದಲೂ ಅಳೆಯಬಹುದು.

ಆದರೆ ಎತ್ತರ ತನ್ನದೇ ತೊಡಕು ತರುತ್ತದೆ. ಹೈಮ್ಯಾಪ್ ಎಂಬ ಆ ಉಪಕರಣ 128 ತರಂಗಾಂತರ ಪಟ್ಟಿಗಳಲ್ಲಿ ಬೆಳಕನ್ನು ಅಳೆಯುತ್ತಾ ಅಡ್ಡಡ್ಡಲಾಗಿ 61.3 ಡಿಗ್ರಿ ಅಗಲ, 512 ಚುಕ್ಕಿಗಳನ್ನು ನೋಡುತ್ತದೆ. ವಿಮಾನದ ಎತ್ತರ ಬದಲಾಗದು, ಕೆಳಗಿನ ನೆಲ ಬದಲಾಗುತ್ತದೆ. ಬಯಲಿನ ಮೇಲೆ ನೆಲ 14 ಕಿ.ಮೀ. ಕೆಳಗಿದ್ದರೆ ಒಂದು ಚುಕ್ಕಿಯ ಅಗಲ 28 ಮೀಟರ್, ಒಮ್ಮೆ ಹಾದಾಗ ಕಾಣುವ ನೆಲದ ಪಟ್ಟೆಯ ಅಗಲ ಸುಮಾರು 16.5 ಕಿ.ಮೀ. ಹಿಂದೂಕುಷ್‌ನ ಆರು ಸಾವಿರ ಮೀಟರಿನ ಏಣಿನ ಮೇಲೆ ಬಂದಾಗ ಚುಕ್ಕಿ 18 ಮೀಟರಿಗೂ ಪಟ್ಟೆ 11 ಕಿ.ಮೀ.ಗಿಂತ ಕಡಿಮೆಗೂ ಕುಗ್ಗುತ್ತದೆ. ಬಯಲಿನ ಲೆಕ್ಕ ಹಿಡಿದು ಪಟ್ಟೆಗಳನ್ನು ಹಾಕಿದರೆ ಬೆಟ್ಟದ ಮೇಲೆ ಸಂದು ಬಿಡುತ್ತದೆ, ಅದೂ ಖನಿಜ ಹೆಚ್ಚಿರುವ ಕಡೆಯೇ. ಕೊನೆಗೆ ಎಲ್ಲವನ್ನೂ 23 ಮೀಟರಿನ ಒಂದೇ ಅಳತೆಗೆ ತಂದು ಜೋಡಿಸಿದಾಗ ಎಂಬತ್ತು ಕೋಟಿಗೂ ಹೆಚ್ಚು ಚುಕ್ಕಿಗಳಾದವು.

ನಿಜವಾದ ಕಷ್ಟ ತಿದ್ದುಪಡಿಯಲ್ಲಿದೆ. ಉಪಕರಣ ಸೇರುವ ಬೆಳಕಿನಲ್ಲಿ ಗಾಳಿಯ, ದೂಳಿನ, ನೀರಾವಿಯ ಪಾಲೂ ಬೆರೆತಿರುತ್ತದೆ. 1400 ಮತ್ತು 1900ರ ಹತ್ತಿರ ನೀರಾವಿ ಬೆಳಕನ್ನು ನುಂಗಿಬಿಡುವುದರಿಂದ ಆ ಭಾಗ ಬಳಕೆಗೆ ಬಾರದು. ಮಿಕ್ಕಿದ್ದನ್ನು ಸರಿಪಡಿಸಲು ಒಂದೇ ಬಣ್ಣದ, ಸಮತಟ್ಟಾದ ನೆಲವೊಂದರಲ್ಲಿ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ, ಕೈಯಲ್ಲಿ ಹಿಡಿಯುವ ರೋಹಿತಮಾಪಕದಿಂದ ಅಳೆದು, ವಿಮಾನದ ಅಳತೆಯನ್ನು ಅದಕ್ಕೆ ಹೊಂದಿಸಬೇಕು. ಬೇರೆ ದೇಶದಲ್ಲಾದರೆ ಹತ್ತಾರು ಕಡೆ ಹೀಗೆ ಮಾಡಬಹುದಿತ್ತು. ಅಲ್ಲಿ ಕಂದಹಾರ್ ವಾಯುನೆಲೆಯಂಥ, ಕಾವಲಿದ್ದ ಕೆಲವೇ ಜಾಗಗಳಲ್ಲಿ ಸಾಧ್ಯವಾಯಿತು. ಅದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯದು: 207 ಪಟ್ಟೆಗಳನ್ನು ಕತ್ತರಿಸಿ ಹೋಗುವಂತೆ 11 ಅಡ್ಡಪಟ್ಟೆಗಳನ್ನು ಹಾರಿದರು. ಎರಡು ಪಟ್ಟೆ ಸೇರುವ ಜಾಗದ ನೆಲ ಒಂದೇ, ಆದ್ದರಿಂದ ಅಳತೆಯೂ ಒಂದೇ ಬರಬೇಕು. ಕಾಲಿಡಲಾಗದ ಕಣಿವೆಯ ಪಟ್ಟೆಗೂ ನೆಲದ ಅಳತೆಯನ್ನು ಹೀಗೆ ದಾಟಿಸಬಹುದು.

ಇಷ್ಟಾದರೂ ನಕ್ಷೆ ಮೋಸ ಮಾಡುವ ದಾರಿಗಳಿವೆ. ಈ ಬೆಳಕು ಬಂಡೆಯ ಒಳಗಿಳಿಯುವುದಿಲ್ಲ, ಕೂದಲೆಳೆಯಷ್ಟು ಮೇಲ್ಪದರದ ಸುದ್ದಿಯನ್ನಷ್ಟೇ ತರುತ್ತದೆ. ತೆಳ್ಳನೆಯ ಮಣ್ಣು, ಕಲ್ಲುಹೂವು, ಮರುಭೂಮಿಯ ಕಲ್ಲಿಗೆ ಅಂಟುವ ಕಪ್ಪು ಮೆರುಗು ಇವೇ ಸಾಕು ಕೆಳಗಿನದನ್ನು ಮರೆಮಾಡಲು. ಹೊಳೆ ಹೊತ್ತು ತಂದು ಬಯಲಿನಲ್ಲಿ ಹರಡಿದ ಜೇಡಿಯೂ ಬೆಟ್ಟದ ಮೂಲ ಜೇಡಿಯಂತೆಯೇ ಮಿನುಗುತ್ತದೆ. ಮಲೆನಾಡಿನಂತೆ ಹಸಿರು ಮುಚ್ಚಿದ ನೆಲದಲ್ಲಂತೂ ಇದರ ಕೈಲಾಗುವುದು ಅತ್ಯಲ್ಪ.

ಹಾಗಾಗಿ ನಕ್ಷೆಯ ಬಣ್ಣವನ್ನು ನಿಕ್ಷೇಪದ ಟನ್ನುಗಳೆಂದು ಓದುವವರನ್ನು ಕಂಡರೆ ಕಳವಳವಾಗುತ್ತದೆ. ಅಫ್ಘಾನಿಸ್ತಾನದ ಹಾಜಿಗಕ್‌ನ ಕಬ್ಬಿಣದ ಅದಿರು ಸೋವಿಯತ್ ಭೂವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. 2011ರಲ್ಲಿ ಸೈಲ್ ಮುಂದಾಳತ್ವದ ಭಾರತೀಯ ಕಂಪನಿಗಳ ಕೂಟಕ್ಕೆ ಅದರ ದೊಡ್ಡ ಪಾಲು ಸಿಕ್ಕಿತು, ಗಣಿ ಮಾತ್ರ ಶುರುವಾಗಲಿಲ್ಲ. ವಿಮಾನದ ನಕ್ಷೆಯಲ್ಲಿ ಕಬ್ಬಿಣದ ಹೆಮಟೈಟ್ 860ರ ತಗ್ಗಿನಿಂದ ಗುರುತಾಗುತ್ತದೆ. ಆ ಕೆಂಪು ಹೊರಗಿನ ಲೇಪವೋ ಬಂಡೆಯ ಒಡಲೋ ಎಂದು ತಿಳಿಯಬೇಕಾದರೆ ಯಾರಾದರೂ ಅಲ್ಲಿಗೆ ನಡೆದುಹೋಗಿ, ಸುತ್ತಿಗೆಯಿಂದ ಕಲ್ಲು ಒಡೆದು, ಹೊಸ ಮುಖವನ್ನು ಬಿಸಿಲಿಗೆ ಹಿಡಿದು ನೋಡಬೇಕು, ಆಮೇಲೆ ಕೊರೆಯಬೇಕು.