ಏಳು ಇಂಚಿನ ಪರದೆಯ ಮೇಲೆ ‘ಮೊತ್ತ’ ಮೂಡಬೇಕಾದರೆ

ಹಳ್ಳಿಯ ಹಾಲಿನ ಡೇರಿಯಲ್ಲಿ ಹಾಲು ಅಳೆದು ಪರೀಕ್ಷಿಸುವ ಯಂತ್ರದ ಪಕ್ಕದಲ್ಲೊಂದು ಏಳು ಇಂಚಿನ ಪರದೆ ಇರುವುದನ್ನು ನೀವು ನೋಡಿರಬಹುದು. ಸದಸ್ಯರ ಸಂಖ್ಯೆ, ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ದರ, ಕೊನೆಯಲ್ಲಿ ಒಟ್ಟು ಮೊತ್ತ: ಅದರಲ್ಲಿ ಕಾಣಬೇಕಾದದ್ದು ಇಷ್ಟೇ. ಇಂಥದೊಂದು ಪರದೆಯ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ತಿಂಗಳು ತಕರಾರಿಲ್ಲದೆ ಓಡಿ, ಪರದೆಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಹಾಕಿದ ದಿನ ಕಣ್ಣನ್ನೇ ತೆರೆಯಲಿಲ್ಲ. ಲ್ಯಾಪ್‌ಟಾಪ್ ನಮಗೆ ಹೇಳದೆಯೇ ಒದಗಿಸುತ್ತಿದ್ದ ಸವಲತ್ತುಗಳು ಎಷ್ಟೆಂಬುದು ತಿಳಿದದ್ದು ಆಮೇಲೆ, ಒಂದೊಂದಾಗಿ.

ಮೊದಲು ಸಿಕ್ಕಿದ್ದು ಸಿ ಲೈಬ್ರರಿಯ, ಅಂದರೆ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಫಂಕ್ಷನ್ನುಗಳ ಸಂಗ್ರಹದ, ತಕರಾರು. ಲ್ಯಾಪ್‌ಟಾಪಿನದು ಇಂಟೆಲ್ ಜಾತಿಯ ಪ್ರೊಸೆಸರ್, ಬೋರ್ಡಿನದು ಆರ್ಮ್. ಆದ್ದರಿಂದ ಕ್ರಾಸ್ ಕಂಪೈಲ್ ಮಾಡಬೇಕೆಂಬುದು, ಅಂದರೆ ಒಂದು ಜಾತಿಯ ಪ್ರೊಸೆಸರಿನಲ್ಲಿ ಕುಳಿತು ಇನ್ನೊಂದಕ್ಕೆ ಪ್ರೋಗ್ರಾಂ ಕಟ್ಟಬೇಕೆಂಬುದು, ಎಲ್ಲರಿಗೂ ಗೊತ್ತು. ಆದರೆ ಉಬುಂಟು ಕೊಡುವ ಕ್ರಾಸ್ ಕಂಪೈಲರನ್ನೇ ನೇರವಾಗಿ ಬಳಸಿದರೆ, ಬೋರ್ಡಿನಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಲಿನಕ್ಸಿನಲ್ಲಿ ಬಳಸುವ ಸಿ ಲೈಬ್ರರಿ) ಎಂಬರ್ಥದ ಒಂದು ಸಾಲು ಬಂದು ಎಲ್ಲವೂ ನಿಲ್ಲಬಹುದು. 2021ರ ಆಗಸ್ಟಿನಲ್ಲಿ ಬಂದ ಆ ಆವೃತ್ತಿಯಲ್ಲಿ ಪ್ರೋಗ್ರಾಂ ಆರಂಭಿಸುವ ಮೂಲ ಫಂಕ್ಷನ್ನಿಗೇ ಹೊಸ ಆವೃತ್ತಿಯ ಗುರುತು ಅಂಟಿಕೊಂಡಿತು. ಹಾಗಾಗಿ ಹೊಸ ಲೈಬ್ರರಿಗೆ ಜೋಡಿಸಿ ಕಟ್ಟಿದ ಪ್ರೋಗ್ರಾಂ, ಒಂದೇ ಒಂದು ಸಾಲನ್ನು ಮುದ್ರಿಸುವಂಥದಾದರೂ, ಹಳೆಯ ಲೈಬ್ರರಿಯ ಮೇಲೆ ಏಳುವುದಿಲ್ಲ. ಬೋರ್ಡಿನ ಇಮೇಜನ್ನು (ಅದರೊಳಗೆ ಹಾಕುವ ಇಡೀ ಲಿನಕ್ಸ್ ವ್ಯವಸ್ಥೆಯನ್ನು) ಬಿಲ್ಡ್‌ರೂಟ್, ಯಾಕ್ಟೊ ಎಂಬ ಸಲಕರಣೆಗಳಲ್ಲಿ ಯಾವುದರಿಂದ ಕಟ್ಟಿದ್ದೀರೋ ಅದರಿಂದಲೇ ಕಂಪೈಲರನ್ನೂ, ಬೋರ್ಡಿನ ಲೈಬ್ರರಿಗಳ ಪ್ರತಿಯಾದ ಸಿಸ್‌ರೂಟನ್ನೂ ತೆಗೆದುಕೊಳ್ಳುವುದೇ ಇದಕ್ಕಿರುವ ನೆಟ್ಟಗಿನ ದಾರಿ. ಬೇಕಾದ ಲೈಬ್ರರಿಯನ್ನು ಎಲ್ಲಿಂದಲೋ ತಂದು ಬೋರ್ಡಿನೊಳಗೆ ತುರುಕುವ ಉಪಾಯವನ್ನು ನಾನೂ ಮಾಡಿ ನೋಡಿದ್ದೇನೆ; ಒಂದು ದೋಷ ಹೋಗಿ ನಾಲ್ಕು ಬಂದವು.

ಎರಡನೆಯದು, ಚಿತ್ರ ಬಿಡಿಸುವವರು ಯಾರು ಎಂಬ ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ ಎಕ್ಸ್ ಅಥವಾ ವೇಲ್ಯಾಂಡ್ ಕಿಟಕಿಗಳನ್ನು ನೋಡಿಕೊಳ್ಳುತ್ತದೆ, ಬೋರ್ಡಿನಲ್ಲಿ ಅವೆರಡೂ ಇರಲಿಲ್ಲ. ಒಂದೇ ಪ್ರೋಗ್ರಾಂ ಇಡೀ ಪರದೆಯನ್ನು ಆಳುವುದಾದರೆ ಅವುಗಳ ಅಗತ್ಯವೂ ಇಲ್ಲ. ನಮ್ಮ ಪ್ರೋಗ್ರಾಂ ಬರೆದದ್ದು ಕ್ಯೂಟಿ ಎಂಬ, ಪರದೆಯ ಪುಟಗಳನ್ನು ಕಟ್ಟುವ ಲೈಬ್ರರಿಯಲ್ಲಿ; ಅದರ ಇಜಿಎಲ್‌ಎಫ್‌ಎಸ್ ಪ್ಲಗಿನ್ ನೇರವಾಗಿ ಗ್ರಾಫಿಕ್ಸ್ ಚಾಲಕದೊಡನೆ ಮಾತಾಡುತ್ತದೆ. ಈ ಪ್ಲಗಿನ್ ಪ್ರೋಗ್ರಾಂ ಓಡುವಾಗ ಮಾತ್ರ ಒಳಬರುವುದರಿಂದ ಎಲ್‌ಡಿಡಿ ಎಂಬ ಆದೇಶ ಕೊಡುವ, ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಪಟ್ಟಿ ನೋಡಿ ಫೈಲುಗಳನ್ನು ನಕಲಿಸಿದವರು ಅದನ್ನು ಬಿಟ್ಟೇ ಬಿಡುತ್ತಾರೆ.

ಇಲ್ಲಿ ಖರೀದಿ ವಿಭಾಗದ ಪ್ರಸಂಗವೊಂದನ್ನು ಹೇಳಬೇಕು. ನಾವು ಆರಿಸಿದ್ದು ಎಎಂ3358 ಚಿಪ್ಪು. ಬೋರ್ಡು ಮಾಡಿಸುವಾಗ ಬೆಲೆ ಕಡಿಮೆಯೆಂದು ಅದೇ ಕುಟುಂಬದ ಎಎಂ3352 ಬಂದು ಕೂತಿತ್ತು. ಕಾಲುಗಳ ಜೋಡಣೆ ಒಂದೇ, ಲಿನಕ್ಸ್ ಕೂಡ ಸಲೀಸಾಗಿ ಬೂಟ್ ಆಯಿತು, ಆದರೆ ಅದರಲ್ಲಿ ಗ್ರಾಫಿಕ್ಸ್ ಎಂಜಿನ್ನೇ ಇಲ್ಲ. ಇಜಿಎಲ್‌ಎಫ್‌ಎಸ್ ಬಿಟ್ಟು ಲಿನಕ್ಸ್‌ಎಫ್‌ಬಿ ಪ್ಲಗಿನ್ನಿಗೆ ಇಳಿದೆವು. ಅಂದರೆ ಪ್ರತಿ ಚುಕ್ಕೆಗೂ ಪ್ರೊಸೆಸರೇ ಬಣ್ಣ ತುಂಬಬೇಕು. 800ಕ್ಕೆ 480 ಚುಕ್ಕೆಗಳ ಪರದೆಗೆ, ಚುಕ್ಕೆಗೆ ನಾಲ್ಕು ಬೈಟಿನಂತೆ, ಒಂದು ಚಿತ್ರಕ್ಕೆ 15,36,000 ಬೈಟು. ಸೆಕೆಂಡಿಗೆ 60 ಸಲವೆಂದರೆ ಸುಮಾರು 9.2 ಕೋಟಿ ಬೈಟು. ಬದಲಾದ ಭಾಗವನ್ನಷ್ಟೇ ಮತ್ತೆ ಬರೆಯುವ ಜಾಣತನ ಕ್ಯೂಟಿಗಿದೆಯಾದರೂ, ಪರದೆಯ ಉದ್ದಕ್ಕೂ ಜಾರುವ ಅಲಂಕಾರಗಳಿದ್ದರೆ ಆ ಜಾಣತನಕ್ಕೆ ಕೆಲಸವಿಲ್ಲ. ಜಾರಾಟವನ್ನೂ ನೆರಳುಗಳನ್ನೂ ತೆಗೆದುಹಾಕಿದೆವು; ಹಾಲು ಹಾಕಲು ಬಂದವರಲ್ಲಿ ಯಾರೂ ಅವು ಎಲ್ಲಿ ಹೋದವೆಂದು ಕೇಳಲಿಲ್ಲ.

ಇಷ್ಟೆಲ್ಲ ಆದಮೇಲೂ ಪರದೆಯಲ್ಲಿ ಕನ್ನಡವಿರಲಿಲ್ಲ, ಸಾಲು ಸಾಲು ಖಾಲಿ ಚೌಕಗಳಿದ್ದವು. ಈಗಿನ ಕ್ಯೂಟಿ ತನ್ನೊಡನೆ ಫಾಂಟುಗಳನ್ನು ತರುವುದಿಲ್ಲ, ನಾವೇ ಹಾಕಬೇಕು. ಆದರೆ ಫಾಂಟ್ ಹಾಕಿದ ಮಾತ್ರಕ್ಕೆ ಕನ್ನಡ ಮೂಡುತ್ತದೆಯೆಂದು ತಿಳಿಯುವುದು ತಪ್ಪು. ‘ಮೊತ್ತ’ ಎಂಬ ಪದದಲ್ಲಿ ಕಂಪ್ಯೂಟರಿಗೆ ಸಿಗುವುದು ಮ, ಒ ಸ್ವರದ ಚಿಹ್ನೆ, ತ, ಹಲಂತ, ಮತ್ತೊಂದು ತ, ಈ ಐದು ಸಂಕೇತಗಳು. ಅವುಗಳಿಂದ ಎರಡನೆಯ ತಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ಹಾರ್ಫ್‌ಬಝ್‌ನಂಥ ಎಂಜಿನ್ನಿನದು. ಅದು ಫಾಂಟಿನೊಳಗಿನ ಬದಲಾವಣೆಯ ನಿಯಮಗಳನ್ನು ಓದಿ ತಕ್ಕ ಅಕ್ಷರಚಿತ್ರವನ್ನು ಆರಿಸುತ್ತದೆ. ‘ಮಾರ್ಚ್’ ಎಂಬಲ್ಲಿ ಸಂಕೇತಗಳ ಸಾಲಿನಲ್ಲಿ ಮೊದಲು ಬರುವ ರಕಾರ ಅರ್ಕಾವೊತ್ತಾಗಿ ಚಕಾರದ ಬಲಕ್ಕೆ ಹೋಗಿ ನಿಲ್ಲಬೇಕು, ಅದೂ ಇದರದೇ ಕೆಲಸ. ನಮ್ಮ ಮೊದಲ ಪ್ರಯತ್ನ ಎಲ್‌ವಿಜಿಎಲ್‌ನ 8ನೆಯ ಆವೃತ್ತಿಯಲ್ಲಿತ್ತು. ಹಗುರವಾದ, ನನಗೆ ಬಹಳ ಇಷ್ಟವಾದ ಲೈಬ್ರರಿ ಅದು. ಆದರೆ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲಿ ಬರೆಯುವುದರಿಂದ ತ, ಅದರಾಚೆ ಒಂಟಿ ಹಲಂತ, ಅದರಾಚೆ ಇನ್ನೊಂದು ತ ಎಂದು ಬಿಡಿಬಿಡಿಯಾಗಿ ಕಂಡಿತು. ಕ್ಯೂಟಿಗೆ ಬಂದದ್ದೂ, ಅದಕ್ಕಾಗಿ ದೊಡ್ಡ ಬೋರ್ಡು ಬೇಕಾದದ್ದೂ ಈ ಒಂದು ಕಾರಣಕ್ಕೆ. ಕನ್ನಡವನ್ನು ಕೊನೆಯ ವಾರದ ಅನುವಾದದ ಕೆಲಸವೆಂದು ಯೋಜನಾಪಟ್ಟಿಯಲ್ಲಿ ಬರೆಯುವವರೊಡನೆ ನಾನು ಈಗಲೂ ಜಗಳವಾಡುತ್ತೇನೆ, ಏಕೆಂದರೆ ಯಾವ ಚಿಪ್ಪು ಕೊಳ್ಳಬೇಕೆಂಬುದನ್ನೇ ಅದು ನಿರ್ಧರಿಸುತ್ತದೆ.

ಕ್ಯೂಟಿಗೆ ಬಂದ ಮೇಲೂ ಒತ್ತುಗಳು ಒಮ್ಮೆ ಮಾಯವಾದವು. ಎರಡು ದಿನ ಹಾರ್ಫ್‌ಬಝ್‌ನ ಮೇಲೆ ಅನುಮಾನಪಟ್ಟೆವು. ಕೊನೆಗೆ ನೋಡಿದರೆ, ಜಾಗ ಉಳಿಸಲೆಂದು ಸಹೋದ್ಯೋಗಿಯೊಬ್ಬರು ಫಾಂಟನ್ನು ಕತ್ತರಿಸಿದ್ದರು. ಅವರು ಬಳಸಿದ ಸಲಕರಣೆ ಯುನಿಕೋಡ್ ಸಂಕೇತವಿರುವ ಚಿತ್ರಗಳನ್ನಷ್ಟೇ ಉಳಿಸಿಕೊಂಡಿತ್ತು. ಒತ್ತಕ್ಷರಗಳಿಗೆ ಸ್ವಂತ ಸಂಕೇತವಿಲ್ಲ, ಆದ್ದರಿಂದ ಅವೆಲ್ಲ ಕಸದ ಬುಟ್ಟಿಗೆ ಹೋಗಿದ್ದವು. ಅಂದಿನಿಂದ ಪ್ರತಿ ಬಿಡುಗಡೆಗೂ ಮುನ್ನ ಲಕ್ಷ್ಮಮ್ಮ, ಕೃಷ್ಣಪ್ಪ, ಶ್ರೀಕಂಠಯ್ಯ ಮುಂತಾದ ಹೆಸರುಗಳಿರುವ ಒಂದು ಪುಟವನ್ನು ಬೋರ್ಡಿನ ಪರದೆಯಲ್ಲೇ ತೆರೆದು ಕಣ್ಣಾರೆ ನೋಡುತ್ತೇವೆ. ‘ಕ್ಷ್ಮ’ ಸರಿಯಾಗಿ ಬಂದರೆ ಉಳಿದವು ಹೆಚ್ಚಾಗಿ ಸರಿಯಿರುತ್ತವೆ.

ಡೇರಿಗೆ ಹೋದ ಮೇಲಿನ ಕಥೆ ಬೇರೆ. ಅಲ್ಲಿ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲವಾದ್ದರಿಂದ ಅರ್ಧ ಬರೆದು ಕೆಡದಿರಲೆಂದು ಮೂಲ ಫೈಲ್ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಟ್ಟು, ಹಾಲಿನ ಲೆಕ್ಕಕ್ಕೆ ಬೇರೆ ವಿಭಾಗ ಮಾಡಿದೆವು. ಪ್ರೋಗ್ರಾಂ ಬಿದ್ದರೆ, ಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಶುರುವಾಗುವ ಬ್ಯುಸಿಬಾಕ್ಸ್‌ನ ಇನಿಟ್ ಅದನ್ನು ಮತ್ತೆ ಎಬ್ಬಿಸುತ್ತದೆ. ಮರೆತದ್ದು ಗಡಿಯಾರವನ್ನು. ಲ್ಯಾಪ್‌ಟಾಪಿಗೆ ಸಮಯ ಗೊತ್ತಿರುವುದು ಅದರೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರುವುದರಿಂದ; ನಮ್ಮ ಬೋರ್ಡಿನಲ್ಲಿ ಬ್ಯಾಟರಿಯೂ ಇರಲಿಲ್ಲ, ಹಳ್ಳಿಯಲ್ಲಿ ನೆಟ್‌ವರ್ಕೂ ಇರಲಿಲ್ಲ. ಸಮಯ ಗೊತ್ತಿಲ್ಲದ ಲಿನಕ್ಸ್ 1970ರಿಂದ ಎಣಿಸತೊಡಗುತ್ತದೆ. ಒಂದು ರಾತ್ರಿ ಎಂಟಕ್ಕೆ ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, “ಸಾರ್, ಇವತ್ತು ಸಂಜೆ ಹಾಲೆಲ್ಲ 1970ನೇ ಇಸವಿಗೆ ಹೋಗಿಬಿಟ್ಟಿದೆ, ಬಟವಾಡೆ ಹೆಂಗೆ ಮಾಡ್ಲಿ?” ಎಂದರು. ಮರುದಿನವೇ ಒಂದು ಗಡಿಯಾರದ ಚಿಪ್ಪು ಮತ್ತು ನಾಣ್ಯದಾಕಾರದ ಬ್ಯಾಟರಿ ಹಿಡಿದು ಬಸ್ಸು ಹತ್ತಿದೆ. ಈಗ ಪ್ರೋಗ್ರಾಂ ಎದ್ದ ಕೂಡಲೇ ಇಂದಿನ ದಿನಾಂಕವನ್ನು ತಾನು ಕಟ್ಟಲ್ಪಟ್ಟ ದಿನಾಂಕದೊಂದಿಗೆ ಹೋಲಿಸುತ್ತದೆ, ಅದಕ್ಕಿಂತ ಹಿಂದಿದ್ದರೆ ಯಾರ ಹಾಲನ್ನೂ ಬರೆದುಕೊಳ್ಳದೆ ‘ದಿನಾಂಕ ಸರಿಪಡಿಸಿ’ ಎಂಬ ಪುಟದಲ್ಲೇ ನಿಲ್ಲುತ್ತದೆ.